ನನ್ನ ಲ್ಯಾಪ್‌ಟಾಪು, ಊರಿನವರ ತೀರ್ಮಾನ

ಮನೆಯಲ್ಲೊಂದು ಹಳೆಯ ವಸ್ತು ಇನ್ನೂ ಕೆಲಸ ಮಾಡುತ್ತಿದ್ದರೆ ನೋಡುವವರಿಗೆ ಅದೇನೋ ಸಂಕಟ. ಸುಮ್ಮನಿರಲು ಅವರಿಂದ ಆಗುವುದಿಲ್ಲ, ಅವರ ಮಾತು ಕೇಳಲು ನನ್ನಿಂದ ಆಗುವುದಿಲ್ಲ. ಹಾಗಾಗಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ.

ನನ್ನ ಲ್ಯಾಪ್‌ಟಾಪು ಹಳೆಯದು, ದಪ್ಪನೆಯದು, ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ನನ್ನ ಸಂಬಳದಲ್ಲಿ ಕೊಂಡದ್ದು. ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಕಾಲುಚೀಲ ಹರಿದರೆ ಅದೇ ಬಣ್ಣದ ದಾರದಲ್ಲಿ ಹೆಣೆದು ಸರಿಮಾಡುವುದನ್ನು ಸಿಸ್ಟರುಗಳು ನಮಗೆ ಕಲಿಸಿದ್ದರು. ಎಸೆಯುವುದನ್ನು ಕಲಿಸಿರಲಿಲ್ಲ. ಆದ್ದರಿಂದ ಇದನ್ನೇ ಸರಿಪಡಿಸಿಕೊಳ್ಳುವುದೋ ಹೊಸದು ಕೊಳ್ಳುವುದೋ ಎಂಬ ಪ್ರಶ್ನೆ ಎದ್ದಾಗ ನಾನು ಯಾರ ಸಲಹೆಯನ್ನೂ ಕೇಳಲಿಲ್ಲ. ಆದರೂ ಮದ್ದೂರು, ಮಂಡ್ಯ, ಮಳವಳ್ಳಿ ಮೂರೂ ಕಡೆಯಿಂದ ಸಲಹೆ ಬಂತು.

ಎದ್ದು ಹೋದವರು ಯಾರು?

ಗೆಜ್ಜಲಗೆರೆಯ ಕಾರ್ಖಾನೆಗಳಿಗೆ ಹೋಗುವ ಕೆಲವು ಹೆಣ್ಣುಮಕ್ಕಳಿಗೆ ವಾರಕ್ಕೊಂದು ಸಂಜೆ ಮದ್ದೂರಿನ ನಮ್ಮ ಮನೆಯಿಂದಲೇ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರು ತಮ್ಮ ತಮ್ಮ ಮನೆಯಲ್ಲಿ ಮೊಬೈಲ್ ಹಿಡಿದು ಕೂರುತ್ತಾರೆ. ಪಾಠವೆಂದರೆ ಬರಿಯ ಭಾಷೆಯಲ್ಲ, ನಡವಳಿಕೆಯೂ ಇರುತ್ತದೆ. ಅಂದು, ಹಿರಿಯರು ಮಾತಾಡುತ್ತಿರುವಾಗ ನಡುವೆ ಎದ್ದು ಹೋಗುವುದು ಎಂಥ ಅಸಭ್ಯತೆ ಎಂದು ವಿವರಿಸುತ್ತಿದ್ದೆ. ಲ್ಯಾಪ್‌ಟಾಪು ಒಲೆಯ ಹಾಗೆ ಕಾದಿತ್ತು, ಒಳಗಿನ ಫ್ಯಾನು ಗೊರಗುಟ್ಟುತ್ತಿತ್ತು. ವಾಕ್ಯ ಮುಗಿಯುವ ಮೊದಲೇ ಪರದೆ ಕಪ್ಪಾಯಿತು.

ಮತ್ತೆ ಅದು ಎಚ್ಚರವಾಗುವ ಹೊತ್ತಿಗೆ ನಾನು ಸೀರೆಯ ನೆರಿಗೆ ಸರಿಮಾಡಿಕೊಂಡು ನೆಟ್ಟಗೆ ಕುಳಿತಿದ್ದೆ. ಒಬ್ಬಳೂ ಕದಲಿರಲಿಲ್ಲ. ಬೆಸಗರಹಳ್ಳಿಯ ಹುಡುಗಿ ಮಾತ್ರ ಬಹಳ ವಿನಯದಿಂದ ಹೇಳಿದಳು: "ಮಿಸ್, ನಾವ್ಯಾರೂ ಎದ್ದೋಗ್ನಿಲ್ಲ. ನೀವೇ ಓಗ್ಬುಟ್ರಿ."

ಮೋಟಾರಿನ ಜೀವ

ಈ ಸುದ್ದಿ ಮಳವಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಮೈದುನನ ಕಿವಿಗೆ ಬಿತ್ತು. ನಮ್ಮ ಮನೆಯ ಯಂತ್ರಗಳನ್ನೆಲ್ಲ ಆರಿಸುವ ಅಧಿಕಾರ ಅವನದು. ಯಾರೂ ಕೊಟ್ಟದ್ದಲ್ಲ, ತಾನೇ ತೆಗೆದುಕೊಂಡದ್ದು. ಅವನು ಆರಿಸಿದ ಇನ್ವರ್ಟರು ಕರೆಂಟು ಇದ್ದಾಗ ಮಾತ್ರ ಚೆನ್ನಾಗಿ ನಡೆಯುತ್ತದೆ. ಅವನು ಆರಿಸಿದ ಬಟ್ಟೆ ಒಗೆಯುವ ಯಂತ್ರ ಒಗೆಯುತ್ತಾ ಒಗೆಯುತ್ತಾ ಬಚ್ಚಲು ಬಿಟ್ಟು ಅಡುಗೆಮನೆಯ ಬಾಗಿಲಿಗೆ ಬರುತ್ತಿತ್ತು. ಈಗ ಅದರಲ್ಲಿ ನಮ್ಮ ಅತ್ತೆ ರಾಗಿ ತುಂಬಿಟ್ಟಿದ್ದಾರೆ.

ಅವನು ಬಂದು ಕುಳಿತು ತೀರ್ಪು ಕೊಟ್ಟ. ಕಾಲ ಬದಲಾಗಿದೆ, ಇದಕ್ಕೆ ವಯಸ್ಸಾಗಿದೆ, ಆಯುಧಪೂಜೆಯೊಳಗೆ ಹೊಸದು ಬರಬೇಕು, ಯಾವುದೆಂದು ತಾನು ನೋಡಿಕೊಳ್ಳುತ್ತೇನೆ ಎಂದ. ನನ್ನ ಯಜಮಾನರು ಪತ್ರಿಕೆಯ ಹಿಂದೆ ಇನ್ನಷ್ಟು ಮರೆಯಾದರು.

ಲ್ಯಾಪ್‌ಟಾಪು ನನ್ನದು, ತೀರ್ಮಾನವೂ ನನ್ನದೇ ಎಂದೆ. ಆಮೇಲೆ ಕೇಳಿದೆ, "ನಿನ್ನ ಬೋರ್‌ವೆಲ್ ಮೋಟಾರಿಗೆ ಎಷ್ಟು ಸಲ ಕಾಯಿಲ್ ಕಟ್ಟಿಸಿದ್ದೀಯೆ?"

ಲೆಕ್ಕವಿಲ್ಲ ಎಂದ, ಹೆಮ್ಮೆಯಿಂದ.

"ಅದನ್ನೇಕೆ ಎಸೆದು ಹೊಸದು ತರಲಿಲ್ಲ?"

ಮೈದುನ ನನ್ನನ್ನು ಕನಿಕರದಿಂದ ನೋಡಿದ. "ಅದು ಮೋಟ್ರು ಕಣ್ರೀ ಅತ್ಗೆ. ಅದುಕ್ಕೆ ಜೀವ ಅದೆ."

ನಗದಿದ್ದರೆ ತೆರೆಯದು

ನಾನು ಹಟಮಾರಿಯಲ್ಲ. ಎರಡೂ ಕಡೆಯ ಮಾತು ಕೇಳಿಯೇ ತೀರ್ಮಾನಿಸುವವಳು. ಆದ್ದರಿಂದ ಮಂಡ್ಯದ ದೊಡ್ಡ ಅಂಗಡಿಯೊಂದಕ್ಕೆ ಒಬ್ಬಳೇ ಹೋದೆ. ಟೈ ಕಟ್ಟಿದ ಮಾರಾಟಗಾರ ಎರಡು ಬೆರಳಲ್ಲಿ ಎತ್ತಬಹುದಾದ ಲ್ಯಾಪ್‌ಟಾಪೊಂದನ್ನು ನನ್ನ ಮುಂದಿಟ್ಟ. ಅವನ ಟೈ ಓರೆಯಾಗಿತ್ತು. ಮೊದಲು ಅದನ್ನು ಸರಿಮಾಡಿಕೊಳ್ಳಲು ಹೇಳಿದೆ.

ಮುಂದೆ ಬೇಕಾದರೆ ಇದರ ಮೆಮೊರಿ ಹೆಚ್ಚಿಸಬಹುದೇ ಎಂದು ಕೇಳಿದೆ. ಆಗುವುದಿಲ್ಲವಂತೆ, ಒಳಗೆ ಬೆಸುಗೆ ಹಾಕಿಬಿಟ್ಟಿರುತ್ತಾರಂತೆ. ನನ್ನ ಹಳೆಯದರಲ್ಲಿರುವ ಹಾಗೆ ಬ್ಯಾಟರಿಯನ್ನು ನಾವೇ ಬಿಚ್ಚಿ ಬದಲಾಯಿಸಬಹುದೇ ಎಂದೆ. ಅದೂ ಆಗುವುದಿಲ್ಲವಂತೆ. ಹಾಗಾದರೆ ಕೆಟ್ಟರೆ ಏನು ಮಾಡುವುದು?

"ಅಷ್ಟೊತ್ತಿಗೆ ಹೊಸ ಮಾಡೆಲ್ ಬಂದಿರುತ್ತೆ ಮೇಡಂ," ಎಂದ, ನನಗೆ ಶುಭ ಸಮಾಚಾರ ಕೊಟ್ಟವನಂತೆ.

ಕೊನೆಗೆ ಅದರ ಮಹಿಮೆ ತೋರಿಸಲು ಹೊರಟ. ಮುಖ ನೋಡಿದರೆ ಸಾಕು, ಅದಾಗಿ ಅದೇ ತೆರೆದುಕೊಳ್ಳುತ್ತದಂತೆ. ನನ್ನ ಮುಖವನ್ನು ಅದಕ್ಕೆ ಪರಿಚಯ ಮಾಡಿಸಿದ. ಪರಿಚಯವಾದ ಮೇಲೂ ಅದು ನನ್ನನ್ನು ಗುರುತಿಸಲಿಲ್ಲ. ಇನ್ನೊಮ್ಮೆ ನೋಡಿದೆ, ಆಗಲೂ ಇಲ್ಲ. ಮಾರಾಟಗಾರ ತಲೆ ಕೆರೆದುಕೊಂಡು, ಮೇಡಂ ಒಂಚೂರು ನಕ್ಕು ನೋಡಿ ಎಂದ.

ನನ್ನ ಸ್ವಂತ ವಸ್ತು ತೆರೆಯಲು ನಾನೇಕೆ ನಗಬೇಕು? ಮನೆಯ ಬೀಗ ಇವತ್ತಿನವರೆಗೆ ಅಂಥ ಷರತ್ತು ಹಾಕಿಲ್ಲ. ಹಾಗೆಂದು ಹೇಳಿ ಎದ್ದೆ. ಅವನಿಗೆ ನಗು ತಡೆಯಲಾಗಲಿಲ್ಲ, ಪರದೆಯ ಎದುರಿಗೇ ನಕ್ಕ. ಲ್ಯಾಪ್‌ಟಾಪು ಅವನಿಗೂ ತೆರೆಯಲಿಲ್ಲ.

ಒಳಗಿದ್ದ ದೇವರು

ಮಳವಳ್ಳಿಯಲ್ಲಿ ಒಬ್ಬ ಸಾಬರು ಇದ್ದಾರೆ. ಮೊದಲು ರೇಡಿಯೋ, ಆಮೇಲೆ ಟೀವಿ, ಈಗ ಲ್ಯಾಪ್‌ಟಾಪು ರಿಪೇರಿ. ನನ್ನದನ್ನು ಅವರ ಮುಂದಿಟ್ಟು ಆಗುತ್ತದೋ ಇಲ್ಲವೋ ಒಂದೇ ಮಾತಿನಲ್ಲಿ ಹೇಳಿ ಎಂದೆ. ಅವರು ಒಂದೇ ಮಾತಿನಲ್ಲಿ ಏನನ್ನೂ ಹೇಳಿದವರಲ್ಲ. ತಿರುಪು ಬಿಚ್ಚುತ್ತಾ ಎಲ್ಲ ಸರ್ಕಾರಗಳನ್ನೂ ಬೈದು ಮುಗಿಸಿದರು. ಕೆಳಗಿನ ಮುಚ್ಚಳ ತೆಗೆದ ಮೇಲೆ ಮಾತ್ರ ಮಾತು ನಿಂತಿತು.

ನಾನೂ ಬಗ್ಗಿ ನೋಡಿದೆ. ಫ್ಯಾನಿನ ಸುತ್ತ ಅಕ್ಷತೆ, ಗಾಳಿ ಹೋಗುವ ಕಂಡಿಯಲ್ಲಿ ಕುಂಕುಮ, ಒಂದು ಮೂಲೆಯಲ್ಲಿ ಒಣಗಿದ ಚೆಂಡುಹೂವಿನ ಎಸಳು. ವರ್ಷವರ್ಷವೂ ಆಯುಧಪೂಜೆಯಲ್ಲಿ ನಮ್ಮ ಅತ್ತೆ ಕೈತುಂಬ ಎರಚಿದ್ದೆಲ್ಲ ಅಲ್ಲಿ ಸೇರಿತ್ತು. ಕಾದದ್ದಕ್ಕೂ ಗೊರಗುಟ್ಟಿದ್ದಕ್ಕೂ ನಡುವೆ ಆರಿಹೋದದ್ದಕ್ಕೂ ವಯಸ್ಸು ಕಾರಣವಲ್ಲ, ಭಕ್ತಿ ಕಾರಣ.

ಸಾಬರು ಎಲ್ಲ ಬಿಡಿಸಿ, ಫ್ಯಾನು ಶುಚಿಮಾಡಿ, ನಿಧಾನವಾಗಿದ್ದ ಹಳೆಯ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಮೆಮೊರಿ ಹೆಚ್ಚಿಸಿದರು. ಗುಂಡಿ ಒತ್ತಿ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಲ್ಯಾಪ್‌ಟಾಪು ಸಿದ್ಧವಾಗಿ ನನ್ನನ್ನೇ ಕಾಯುತ್ತಿತ್ತು. ಹೊರಡುವಾಗ ಅವರು ಒಂದು ಪೊಟ್ಟಣ ಕೊಟ್ಟರು. ಒಳಗಿಂದ ತೆಗೆದ ಅಕ್ಷತೆ. "ದೇವರದು ಮೇಡಂ, ನಾನು ಕಸಕ್ಕೆ ಹಾಕೋದು ಚೆನ್ನಾಗಿರಲ್ಲ."

ಅದನ್ನು ಸಾಕ್ಷಿಯೆಂದು ಅತ್ತೆಯ ಮುಂದೆ ಬಿಚ್ಚಿಟ್ಟೆ. ಇನ್ನು ಮುಂದೆ ಪೂಜೆ ದೂರದಿಂದಲೇ, ಮುಚ್ಚಳ ಮುಚ್ಚಿಯೇ ಎಂದು ಖಡಾಖಂಡಿತವಾಗಿ ಹೇಳಿದೆ. ಅತ್ತೆ ಅಕ್ಷತೆಯನ್ನು ಕಣ್ಣಿಗೊತ್ತಿಕೊಂಡರು. "ಅಂಗಾರೆ ಇಷ್ಟ್ ವರ್ಸ ಅದುನ್ನ ಕಾಪಾಡಿದ್ದು ಇದೇ ಕಣವ್ವ. ಯಾಕವ್ವ ತೆಗ್ಸುದ್ದೆ?"

ಆಯುಧಪೂಜೆ

ಲ್ಯಾಪ್‌ಟಾಪು ಸರಿಹೋದದ್ದನ್ನು ಮೈದುನನಿಗೆ ತಿಳಿಸಿದ್ದೆ. ಆದರೂ ಆಯುಧಪೂಜೆಯ ಬೆಳಿಗ್ಗೆ ಅವನು ಹೊಸ ಲ್ಯಾಪ್‌ಟಾಪಿನ ಪೆಟ್ಟಿಗೆ ಹಿಡಿದು ಬಂದು ಮೇಜಿನ ಮೇಲಿಟ್ಟ. ನನ್ನನ್ನು ಕೇಳದೆ, ನನಗೆಂದೇ ಕೊಂಡು ತಂದಿದ್ದ.

"ತಂದ್ಬುಟ್ಟಿವ್ನಿ ಅತ್ಗೆ. ಇನ್ನ ಬ್ಯಾಡ ಅನ್ನಂಗಿಲ್ಲ. ಅಬ್ಬದ ದಿನ ಮನೆಗ್ ಬಂದಿದ್ನ ಯಾರಾರೂ ವಾಪಸ್ ಕಳುಸ್ತಾರಾ?"

ಇದು ಪ್ರೀತಿಯೇ ಇರಬಹುದು. ಆದರೆ ಒಪ್ಪಿಕೊಂಡರೆ ನಾಳೆ ನನ್ನ ಕನ್ನಡಕವನ್ನೂ ಇವನೇ ಆರಿಸುತ್ತಾನೆ. ಅದೇ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪು ಬಾಯಿ ಮುಚ್ಚಿಕೊಂಡು ಕುಳಿತಿತ್ತು. ಸಂಜೆಯ ಪಾಠ ಅದರಲ್ಲೇ ನಡೆಯುತ್ತದೆ ಎಂದೆ. ಹೊಸದರಲ್ಲಿ ಎಂದು ಮೈದುನ ಅಂದ. ಯಜಮಾನರನ್ನು ಕೇಳಿದರೆ, ಮೊದಲು ಪೂಜೆ ಮುಗಿಯಲಿ ಎಂದರು.

ಅತ್ತೆ ಕುಡುಗೋಲು, ಈಳಿಗೆಮಣೆ, ಮೈದುನನ ಬೈಕು ಎಲ್ಲಕ್ಕೂ ಕುಂಕುಮವಿಟ್ಟು ಹೊಸ ಲ್ಯಾಪ್‌ಟಾಪಿನ ಬಳಿಗೆ ಬಂದರು. ನನ್ನ ನಿಯಮ ಹಳೆಯದಕ್ಕೆ ಮಾತ್ರ ಎಂದು ಅವರ ಲೆಕ್ಕ. ಹೊಸದನ್ನು ಅಗಲವಾಗಿ ತೆರೆಸಿ, ಕೀಲಿಗಳ ಮೇಲೆ ಜೋಡಿ ವೀಳ್ಯದೆಲೆ, ಅದರ ಮೇಲೆ ಒಂದು ಗೋಟಡಿಕೆ ಇಟ್ಟು ಮಂಗಳಾರತಿ ಎತ್ತಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೈದುನ ಮುಂದೆ ಬಂದ.

"ಮುಚ್ಚುದ್ರೆ ಎಷ್ಟು ತೆಳ್ಳಗಾಯ್ತದೆ ನೋಡಿ ಅತ್ಗೆ," ಎಂದು ಅಂಗೈಯಿಂದ ಮುಚ್ಚಳ ಒತ್ತಿದ. ಪೂರ್ತಿ ಮುಚ್ಚಲಿಲ್ಲವೆಂದು ಇನ್ನೊಂದು ಸಲ ಒತ್ತಿದ.

ಕಟಕ್ ಎಂದಿತು.

ತೆರೆದು ನೋಡಿದರೆ ಅಡಿಕೆ ಒಡೆದಿರಲಿಲ್ಲ. ಪರದೆ ಮಾತ್ರ ಮೂಲೆಯಿಂದ ಮೂಲೆಗೆ ಸೀಳಿಹೋಗಿತ್ತು. ಯಜಮಾನರು ಪತ್ರಿಕೆ ಎತ್ತಿಕೊಂಡರು. ನಾನು ನನ್ನ ಲ್ಯಾಪ್‌ಟಾಪನ್ನು ತೆಗೆದು ಗುಂಡಿ ಒತ್ತಿದೆ. ಅದು ತಕ್ಷಣ ಬೆಳಗಿತು. ಯಾರೂ ನಗಬೇಕಾಗಲಿಲ್ಲ.

ಅತ್ತೆ ಅಡಿಕೆಯನ್ನು ಎತ್ತಿ ಸೆರಗಿನಲ್ಲಿ ಒರೆಸಿದರು. ಈ ಮನೆಗೆ ಸೊಸೆಯಾಗಿ ಬಂದು ಇನ್ನೂ ಗಟ್ಟಿಯಾಗಿರುವ ನನ್ನನ್ನೊಮ್ಮೆ ನೋಡಿ, ಮಗನ ಕಡೆ ತಿರುಗಿದರು.

"ಒಂದು ಅಡ್ಕೆ ತಡ್ಕಳಕ್ಕಾಗ್ನಿಲ್ಲ ಅದುಕ್ಕೆ. ಈ ಮನೇಲಿ ಎಂಗ್ಲಾ ಬಾಳಾಟ ಮಾಡಾದು?"