ಸಮುದ್ರಕ್ಕಿಳಿದ ಪಾತಾಳಗರಡಿ

ಸುಲೇಪೇಟದಲ್ಲಿ ಯಾರ ಮನೆಯ ಕೊಡ ಬಾವಿಗೆ ಬಿದ್ದರೂ ಕರೆ ನನಗೇ ಬರುತ್ತಿತ್ತು. ಪಾತಾಳಗರಡಿಯ ಕೊಕ್ಕೆಗಳನ್ನು ಹಗ್ಗದಿಂದ ಇಳಿಬಿಟ್ಟು, ತಳ ಕೆದರಿ, ಕೊಡ ಎತ್ತುವುದರಲ್ಲಿ ಈ ನಿವೃತ್ತ ಮಾಸ್ತರನನ್ನು ಮೀರಿಸುವವರಿರಲಿಲ್ಲ. ಅಂಥವನಿಗೆ ಮೀನು ಯಾವ ಲೆಕ್ಕ!

ಹೆಂಡತಿ ಶರಣಮ್ಮನದು ಮದುವೆಯಾದಂದಿನಿಂದ ಒಂದೇ ಆಸೆ. ಸೂರ್ಯ ಸಮುದ್ರದಲ್ಲಿ ಮುಳುಗುವುದನ್ನು ನೋಡಬೇಕು. ಅಂತೂ ಕರಾವಳಿಯ ಒಂದು ಸಣ್ಣ ಊರಿಗೆ ಹೋಗಿ, ಸಂಜೆಯ ವಿಹಾರದ ದೋಣಿ ಹತ್ತಿದೆವು. ಮರುದಿನ ಬೆಳಿಗ್ಗೆಯೇ ವಾಪಸ್ ಬಸ್ಸು. ನಡುನೀರಿನಲ್ಲಿ ಲಂಗರು ಹಾಕಿದರು. ಅವಳು ಪಡುವಣಕ್ಕೆ ಮುಖ ಮಾಡಿ ಕುಳಿತಳು. ಸುಮ್ಮನೆ ಕೂರುವುದು ನನ್ನ ಜಾತಕದಲ್ಲೇ ಇಲ್ಲ. ಎದ್ದೆ, ಕುಳಿತೆ, ಮತ್ತೆ ಎದ್ದೆ.

ನನ್ನ ಚಡಪಡಿಕೆ ನೋಡಿ ದೋಣಿಯವನು ಗಾಳದ ಕೋಲು ಕೊಟ್ಟ. "ಮೀನು ಹಿಡಿದು, ಫೋಟೋ ತೆಗೆದು, ವಾಪಸ್ ನೀರಿಗೆ ಬಿಡುವುದು ಮಾರಾಯ್ರೆ. ಕೊಲ್ಲುವುದಿಲ್ಲ."

"ಕೇಳಿದ್ಯಾ? ಪಾಪನೂ ಇಲ್ಲ!" ಎಂದೆ.

"ಸುಮ್ನ ಕುಂದ್ರಿ. ಹೊತ್ತು ಮುಳಗಾಕತ್ತದ," ಎಂದಳು ಶರಣಮ್ಮ.

ಕೂರುವವನೇ ನಾನು? ಗಾಳಕ್ಕೆಂದು ಅವನು ಕೊಟ್ಟ ಸಿಗಡಿ ಮೀನು ಮುಟ್ಟಲಾರದೆ, ನಮ್ಮ ಬುತ್ತಿಯ ಶೇಂಗಾ ಹೋಳಿಗೆ ಮುರಿದು ಗಾಳಕ್ಕೆ ಸಿಕ್ಕಿಸಿದೆ. ದೂರ ಎಸೆಯಿರಿ ಎಂದ ದೋಣಿಯವನು. ಬಾವಿಯಲ್ಲಿ ಯಾರಾದರೂ ದೂರ ಎಸೆಯುತ್ತಾರೆಯೇ? ದೋಣಿಯ ಪಕ್ಕದಲ್ಲೇ ನೇರವಾಗಿ ಇಳಿಬಿಟ್ಟು ಕೆದರತೊಡಗಿದೆ.

ಸಿಕ್ಕಿತು! ಎಳೆದರೆ ಅಲುಗಲೊಲ್ಲದು.

"ಏ, ಬಾ, ನನ್ನ ಹಿಡ್ಕೋ! ಭಾಳ ದೊಡ್ಡ ಮೀನ!"

"ಹೊತ್ತು ಮುಳಗಾಕತ್ತದ್ರಿ..."

"ಹೊತ್ತು ದಿನಾ ಮುಳಗತದ! ಇಂಥಾ ಮೀನ ದಿನಾ ಸಿಗತದೇನು?"

ಪಾಪ, ಓಡಿಬಂದು ಹಿಂದಿನಿಂದ ನನ್ನ ಅಂಗಿ ಹಿಡಿದಳು. ನಾನು ಕಾಲು ಊರಿ ಎಳೆದೆ. ದೋಣಿಯೇ ಸರಿಯಿತು!

"ದೋಣಿನೇ ಜಗ್ಗಾಕತ್ತದ ಮೀನ!" ಎಂದು ಕೂಗಿದೆ.

ದೋಣಿಯವನು ಬಗ್ಗಿ ನೋಡಿ ಹಣೆ ಚಚ್ಚಿಕೊಂಡ. "ಅದು ನಮ್ಮದೇ ಲಂಗರಿನ ಹಗ್ಗ ಮಾರಾಯ್ರೆ!"

ತಿರುಗಿ ನೋಡಿದರೆ ಪಡುವಣದಲ್ಲಿ ಬರೀ ಕೆಂಪು ಉಳಿದಿತ್ತು. ಸೂರ್ಯನಿರಲಿಲ್ಲ. ಶರಣಮ್ಮ ಇನ್ನೂ ಅಂಗಿ ಹಿಡಿದೇ ನಿಂತಿದ್ದಳು.

ಊರಿಗೆ ಬಂದ ಮೇಲೆ ಪಕ್ಕದ ಮನೆಯ ನಾಗಮ್ಮ ಕೇಳಿದಳು. "ಸಮುದ್ರದಾಗ ಹೊತ್ತು ಮುಳಗೋದು ಹೆಂಗಿತ್ರಿ ಅಕ್ಕೋರೆ?"

"ಬೆಳ್ಳಗಿತ್ತವ್ವ. ನಡುವ ಬೆವರಿನ ಕಲೆ ಇತ್ತು," ಎಂದು ಶರಣಮ್ಮ ಒಣಹಾಕುತ್ತಿದ್ದ ನನ್ನ ಅಂಗಿ ತೋರಿಸಿದಳು. "ಮಾಸ್ತರ ಬೆನ್ನ ಬಿಟ್ರ ನನಗೇನೂ ಕಾಣಲಿಲ್ಲ."

ಈಗ ದಿನಾ ಸಂಜೆ ಮಾಳಿಗೆಯ ಮೇಲೆ, ಹೊತ್ತು ಪೂರ್ತಿ ಮುಳುಗುವವರೆಗೆ, ಅವಳ ಪಕ್ಕದಲ್ಲಿ ಅಲುಗದೆ ಕೂರುವುದು ನನಗೆ ವಿಧಿಸಿದ ಶಿಕ್ಷೆ. ಏಳಲು ನೋಡಿದರೆ ಅಂಗಿ ಜಗ್ಗುತ್ತಾಳೆ!