ಕೊಟ್ಟಿಗೆಯ ಕಾರು

ವಕ್ಕಲೇರಿಯ ಆವಲಪ್ಪನ ಹಳೇ ಕಾರು ಕೆಲವು ದಿನಗಳಿಂದ ಹಿಂಬದಿಯಲ್ಲಿ ಕಿರ್ರೋ ಎನ್ನುತ್ತಿತ್ತು. ಅವನು ಕಾರಿನೊಳಗಿನ ಹಾಡಿನ ಸದ್ದು ಜಾಸ್ತಿ ಮಾಡಿ ಪರಿಹಾರ ಕಂಡುಕೊಂಡಿದ್ದ. ಆದರೆ ಹೆಂಡತಿ ರಾಧಾಳ ಕಿವಿ ಬಲು ಚುರುಕು.

“ಮುಳಬಾಗಿಲಿಗೆ ನನ್ ತಮ್ಮನ ಗೃಹಪ್ರವೇಶಕ್ಕೆ ಇವತ್ತು ಇದರಲ್ಲೇ ಹೋಗಣ. ನೆಟ್ಟಗೆ ಹೋಗಿ ಬಂದ್ರೆ ಸರಿ. ಇಲ್ದಿದ್ರೆ ನಾಳೆನೇ ಇದನ್ನ ಮಾರ್ಬಿಟ್ಟು ಇನ್ನೊಂದು ಹಸು ತರೋದು. ಅದಾದ್ರೂ ಹಾಲು ಕೊಡ್ತದೆ!”

ಆವಲಪ್ಪ ಅವಸರದಲ್ಲಿ ಕಾರು ಒರೆಸತೊಡಗಿದ. ಹಾಲಿನ ಡೈರಿಯಲ್ಲಿ ಕೆಲಸ, ಮನೆಯಲ್ಲೂ ಹಸು. ಸೆಗಣಿ ಬಾಚದೆ ಸಿಗುವ ಸುಖವೆಂದರೆ ಪಾಪ, ಅವನಿಗೆ ಈ ಕಾರೊಂದೇ. ಬಿಸಿಲಿಗೆ ಬಣ್ಣ ಮಾಸಬಾರದೆಂದು ಅದನ್ನು ಕೊಟ್ಟಿಗೆಯೊಳಗೆ ಗೌರಿ ಹಸುವಿನ ಪಕ್ಕದಲ್ಲೇ ನಿಲ್ಲಿಸುತ್ತಿದ್ದ. ದಿನಾ ಮೇಲೆಲ್ಲ ಒರೆಸುತ್ತಿದ್ದ, ಕೆಳಗೆ ಮಾತ್ರ ಬಗ್ಗಿ ನೋಡಿದವನಲ್ಲ. ಕೊಟ್ಟಿಗೆಯ ಸಲಹೆ ಪಕ್ಕದ ಮನೆ ಮುನಿರಾಮಪ್ಪನದು. “ಗಂಜಲ ತಾಗಿದ ಗಾಡಿಗೆ ಯಾರ ಕಣ್ಣೂ ತಾಗಲ್ಲ ಕಣೋ” ಎಂದಿದ್ದ.

ಆ ಮುನಿರಾಮಪ್ಪ ಈಗ ಇಸ್ತ್ರಿ ಪಂಚೆಯುಟ್ಟು ಬಂದು ಕರೆಯದೆಯೇ ಹಿಂದಿನ ಸೀಟಿನಲ್ಲಿ ಕೂತ. ಕಾರಿನ ಹಿಂಭಾಗ ಕುಸಿದು ನರಳಿತು.

“ಏನ್ಲಾ ಅದು ಸದ್ದು?”

“ನಿನ್ ಭಾರಕ್ಕೆ ಮುನಿರಾಮಣ್ಣ.”

“ಗಾಡಿಗೆ ಭಾರ ಇದ್ರೇನೇ ಒಳ್ಳೇದು, ನಡಿ ನಡಿ.”

ಕೋಲಾರದ ಹತ್ತಿರ ರಸ್ತೆಯ ಹಂಪು ಇಳಿದದ್ದೇ ತಡ, ಕೆಳಗಿನಿಂದ ಫಟಾರ್ ಎಂದಿತು. ಕಾರು ಕುಂಟುತ್ತಾ ಒಂದು ಕಡೆಗೆ ವಾಲಿ ನಿಂತಿತು. ರಾಧಾ ಗಂಡನ ಮುಖವನ್ನೇ ನೋಡಿದಳು. ಬೈದಿದ್ದರೆ ಎಷ್ಟೋ ವಾಸಿ ಎನಿಸಿತು ಅವನಿಗೆ.

ಪುಣ್ಯಕ್ಕೆ ಗ್ಯಾರೇಜು ಹತ್ತಿರವೇ ಇತ್ತು. ಮೆಕ್ಯಾನಿಕ್ ಭೀಮರಾಜ್ ಕಾರಿನಡಿ ನುಸುಳಿ, ತುಕ್ಕು ತಿಂದು ಮುರಿದ ಸ್ಪ್ರಿಂಗಿನ ತುಂಡು ಹಿಡಿದು ಬಂದ. ಮೂಗಿನ ಹತ್ತಿರ ತಂದು ಮುಖ ಕಿವುಚಿದ.

“ಅಣ್ಣಾ, ಕಾರು ಎಲ್ಲಿ ಕಟ್ಟಾಕ್ತೀರ?”

“ಕೊಟ್ಟಿಗೇಲಿ.”

“ಅದಕ್ಕೇ! ಕಲ್ಲು ಹೊಡ್ದು ಸ್ಪ್ರಿಂಗಿನ ಪೇಂಟ್ ಎದ್ದೈತೆ. ಬುಡದಲ್ಲಿ ಮಣ್ಣು ಮೆತ್ಕೊಂಡು ಯಾವಾಗ್ಲೂ ತೇವ. ಅದ್ರ ಮೇಲೆ ಗಂಜಲ! ಅದ್ರ ಉಪ್ಪು ಕಬ್ಬಿಣಾನ ಬಿಡ್ತದಾ? ತುಕ್ಕು ತಿಂದಿರೋ ಜಾಗದಲ್ಲೇ ಬಿರುಕು ಬಿಟ್ಟೈತೆ. ಎರಡೂ ಕಡೆ ಹೊಸದು ಹಾಕ್ತೀನಿ. ಇನ್ಮೇಲೆ ಆಗಾಗ ಅಡಿಗೂ ನೀರು ಹೊಡ್ದು ಮಣ್ಣು ತೆಗ್ದು, ಒಣಗಿಸಿ, ಪೇಂಟ್ ಎದ್ದಿರೋ ಕಡೆ ಬಳೀರಿ. ಮುಖ್ಯ ಏನಂದ್ರೆ, ಹಸು ಬೇರೆ, ಕಾರು ಬೇರೆ. ತಿಳೀತಾ?”

ಮುನಿರಾಮಪ್ಪ ಆಕಾಶ ನೋಡುತ್ತಾ ನಿಂತಿದ್ದ.

ಹೊಸ ಸ್ಪ್ರಿಂಗು ಕೂತ ಮೇಲೆ ಕಾರು ಸದ್ದಿಲ್ಲದೆ ಸಾಗಿತು. “ಪರವಾಗಿಲ್ಲ ಕಣ್ರೀ, ತೊಟ್ಟಿಲು ತೂಗ್ದಂಗೆ ಹೋಗ್ತದೆ” ಎಂದಳು ರಾಧಾ. ಆವಲಪ್ಪನಿಗೆ ಅಳುವಷ್ಟು ಖುಷಿಯಾಯಿತು.

ಮುಳಬಾಗಿಲು ಮುಟ್ಟಿದಾಗ ಕೊನೇ ಪಂಕ್ತಿ. ಊಟ ಮುಗಿಸಿ ಹೊರಡುವಾಗ ಬಾಮೈದ ಶಿವಕುಮಾರ್, ಬೆಳಗ್ಗೆ ತಾಯಿಹಸುವಿನ ಜೊತೆ ಹೊಸ ಮನೆ ಹೊಕ್ಕಿದ್ದ ಕರುವನ್ನು ಹಿಡಿದು ತಂದ. ಕೊರಳಲ್ಲಿ ಇನ್ನೂ ಹೂವಿನ ಹಾರವಿತ್ತು.

“ಅಕ್ಕಾ, ಇದು ತವರಿನ ಕಡೆಯಿಂದ ನಿಂಗೆ. ಹಾಲು ಕುಡಿಯೋದು ಬಿಟ್ಟೈತೆ.”

ರಾಧಾಳ ಕಣ್ಣು ತುಂಬಿ ಬಂತು. ಆವಲಪ್ಪ ಕಾರಿನ ಬಾಗಿಲಿಗೆ ಅಡ್ಡ ನಿಂತ. “ಟೆ... ಟೆಂಪೋ ಹೇಳಣ” ಎಂದ.

“ಇಂಥಾ ಕಾರು ಇಟ್ಕೊಂಡು ಟೆಂಪೋ ಯಾಕ್ರೀ? ಎಳೇ ಕರು, ಕುಲುಕಿದ್ರೆ ಹೆದರ್ಕೊಳ್ತದೆ. ದೇವರಾಣೆಗೂ ಇನ್ಮೇಲೆ ಈ ಕಾರು ಮಾರೋ ಮಾತೇ ಇಲ್ಲ!”

“ಕರು ನಾನ್ ಹಿಡ್ಕೋತೀನಿ ಬಿಡಮ್ಮ” ಎಂದು ಮುನಿರಾಮಪ್ಪ ಮುಂದೆ ಬಂದ.

ಬೆಳಗಿನ ಹಂಪನ್ನು ಕಾರು ಈಗ ಹೂವಿನಂತೆ ದಾಟಿತು. ಆಗಲೇ ಹಿಂದಿನಿಂದ ಕೂಗು ಕೇಳಿಸಿತು.

“ಲೇ ಆವಲಪ್ಪಾ! ತೊಡೆ ಮೇಲೆ ಏನೋ ಬೆಚ್ಚಗೆ ಹರೀತೈತೆ ಕಣೋ!”

ಹರಿದದ್ದು ಪಂಚೆ ದಾಟಿ, ಸೀಟು ಇಳಿದು, ಹೊಸ ಸ್ಪ್ರಿಂಗಿನ ಕಡೆಗೇ ದಾರಿ ಹುಡುಕುತ್ತಿತ್ತು.

ಆವಲಪ್ಪ ಹಿಂದೆ ತಿರುಗಲಿಲ್ಲ.

“ಸುಮ್ನೆ ಕೂತ್ಕೋ ಮುನಿರಾಮಣ್ಣ. ಇನ್ಮೇಲೆ ನಿಂಗೂ ಯಾರ ಕಣ್ಣೂ ತಾಗಲ್ಲ.”