ಖೈತಾನಿನಿಂದ ಹೊರಟ ರೈಲು

ರೈಲೇ ಇಲ್ಲದ ಕುವೈತಿನಲ್ಲಿ ನಮ್ಮ ಭಾವನವರು ದಿನಾ ಬೆಳಿಗ್ಗೆ ರೈಲು ಬಿಡುತ್ತಿದ್ದರು! ಬಾಯಲ್ಲಿ ಬಿಡುವವರು ಎಲ್ಲ ಊರಲ್ಲೂ ಇದ್ದಾರೆ ಬಿಡಿ. ಇವರದು ಊಟದ ಮೇಜಿನ ಕುರ್ಚಿಗಳನ್ನು ಒಂದರ ಹಿಂದೊಂದು ಜೋಡಿಸಿ ಬಿಡುವ ರೈಲು.

ಅದು ತೊಂಬತ್ತರ ಆಗಸ್ಟ್. ಇರಾಕಿನ ಸೈನಿಕರು ಖೈತಾನ್ ಬಡಾವಣೆಯ ನಮ್ಮ ಬೀದಿಯ ತುದಿಗೇ ಬಂದು ನಿಂತಿದ್ದರು. ನನ್ನ ಯಜಮಾನರ ಅಣ್ಣನಾದ ಭಾವ ತಮ್ಮ ಫ್ಲ್ಯಾಟಿಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದಿದ್ದರು. ಅಕ್ಕ, ಎಂದರೆ ಭಾವನ ಹೆಂಡತಿ, ಮಂಗಳೂರಿನ ಆಸ್ಪತ್ರೆಯಲ್ಲಿ. ಭಾವ ಊರಿಗೆ ವಿಮಾನ ಹತ್ತುವ ಮೊದಲೇ ದಾರಿ ಮುಚ್ಚಿತು; ಆಪರೇಷನ್ನಿನ ಮುನ್ನಾದಿನ ಫೋನೂ ಸತ್ತಿತು. ಆಕೆ ಉಳಿದಳೋ ಇಲ್ಲವೋ, ಹೇಳುವವರಿಲ್ಲ.

ರೈಲು ಹೋಗುತ್ತಿದ್ದುದು ಫ್ರಾನ್ಸಿನ ಪುಟ್ಟದೊಂದು ಕಡಲ ಹಳ್ಳಿಗೆ; ಪ್ಯಾರಿಸಿನಿಂದ ಒಂದು ಹಗಲಿನ ದಾರಿ. ಗುಣವಾದ ಮೇಲೆ ಕರೆದೊಯ್ಯುತ್ತೇನೆಂದು ಭಾವ ಅಕ್ಕನಿಗೆ ಮಾತು ಕೊಟ್ಟಿದ್ದ ಊರು. ಟ್ರಾವೆಲ್ ಏಜೆನ್ಸಿಯಲ್ಲಿ ಕೂತು ಊರಿಗೆಲ್ಲ ಟಿಕೆಟು ಕೊಟ್ಟವರು, ತಾವು ಕಂಡದ್ದು ಆ ಹಳ್ಳಿಯ ಕ್ಯಾಲೆಂಡರ್ ಚಿತ್ರ ಮಾತ್ರ. ಅದರ ಹೆಸರಿನಲ್ಲಿ ಅರ್ಧದಷ್ಟು ಅಕ್ಷರಗಳನ್ನು ಉಚ್ಚರಿಸಬಾರದಂತೆ. ಕಾನ್ವೆಂಟಿನಲ್ಲಿ ಓದಿದ ನಾನು ಮತ್ತೆ ಹೇಗೆ ಹೇಳುವುದೆಂದು ಕೇಳಿದರೆ, ಭಾವ ಒಂದನ್ನೂ ಉಚ್ಚರಿಸದೆ ಮೂಗು ಮಾತ್ರ ಅಲ್ಲಾಡಿಸುತ್ತಿದ್ದರು!

"ಚಾಯ್, ಗೋಳಿಬಜೆ!" ಎಂದು ಕೂಗುತ್ತ ಭಾವ ಒಣ ಕುಬ್ಬೂಸ್ ರೊಟ್ಟಿಯ ತುಂಡು ಹಂಚಲು ಬಂದರೆ, ನನ್ನ ಪುಟ್ಟ ಮಗಳು ಹುಬ್ಬೇರಿಸುವಳು.

"ದೊಡ್ಡಪ್ಪ, ಫ್ರಾನ್ಸಲ್ಲಿ ಗೋಳಿಬಜೆ? ನೋ ವೇ!"

"ನಿನಗೆಂತ ಗೊತ್ತುಂಟು? ಸ್ಟೇಷನ್ ಕ್ಯಾಂಟೀನು ನಮ್ಮ ಉಡುಪಿಯವರದ್ದು!"

ಒಮ್ಮೆ ಹೊರಗೆ ಗುಂಡಿನ ಸದ್ದಾಯಿತು. ಮಗಳು ನನ್ನ ಸೆರಗಿಗೆ ಅಂಟಿಕೊಂಡಳು. ಭಾವ ಸರಕ್ಕನೆ ಪರದೆ ಎಳೆದರು. "ಸುರಂಗ ಬಂತು! ತಲೆ ಬಗ್ಗಿಸಿ ಮಾರಾಯ್ರೆ, ಗಾರ್ಡಿನ ಆರ್ಡರ್!" ನನ್ನ ಯಜಮಾನರೇ ಎಲ್ಲರಿಗಿಂತ ಮೊದಲು ಮೇಜಿನಡಿ ತೂರಿದ್ದರು!

ಸಂಜೆಯಾದರೂ ಆ ರೈಲು ತಲುಪಿದ್ದೇ ಇಲ್ಲ. ಒಂದು ದಿನ ಹಳಿಯ ಮೇಲೆ ಹಸು, ಇನ್ನೊಂದು ದಿನ ಸಿಗ್ನಲ್ ಇಲ್ಲ.

"ಎಂತ ಭಾವ, ನಿಮ್ಮ ಫ್ರಾನ್ಸಿನ ರೈಲು ಇಷ್ಟು ಲೇಟಾ?" ಎಂದು ನಾನೇ ಕೆಣಕಿದೆ.

"ನಿನ್ನ ಅಕ್ಕನನ್ನು ಬಿಟ್ಟು ನಾವು ಮಾತ್ರ ಇಳಿಯುವುದು ಹೇಗೆ?" ಎಂದರು. ನಗುತ್ತಲೇ ಇದ್ದರು; ಕುರ್ಚಿಯ ಬೆನ್ನು ಹಿಡಿದ ಬೆರಳುಗಳು ಮಾತ್ರ ಬೆಳ್ಳಗಾಗಿದ್ದವು.

ಕೊನೆಗೂ ಬಸ್ಸಿನಲ್ಲಿ ಜೋರ್ಡಾನ್ ಸೇರಿ, ಅಲ್ಲಿಂದ ವಿಮಾನದಲ್ಲಿ ಬೊಂಬಾಯಿಗೆ ಬಂದೆವು. ಇಳಿದವರೇ ಭಾವ ಫೋನ್ ಬೂತಿಗೆ ಓಡಿದರು. ಹೊರಬಂದು, "ಆಪರೇಷನ್ನಿನ ದಿನವೇ ಹೋದಳಂತೆ," ಎಂದರು.

ಮಂಗಳೂರಿನ ಬಸ್ಸಿನಲ್ಲಿ, ಏನೂ ತಿಳಿಯದ ಮಗಳು ಅವರ ತೋಳು ಜಗ್ಗಿದಳು. "ದೊಡ್ಡಪ್ಪ, ಸಿಗ್ನಲ್ ಬಂತಾ?" ನಾನು ಗದರಿಸಹೊರಟೆ. ಭಾವ ಕೈಯೆತ್ತಿ ತಡೆದರು.

"ಬಂತು ಮಗಾ. ಇವತ್ತು ಇಳಿಯುವ."

ಅವಳ ತಲೆ ನೇವರಿಸುತ್ತ ಹೇಳತೊಡಗಿದರು: ಬಿಳಿ ಗೋಡೆಯ ಮನೆಗಳು, ಒಣಹಾಕಿದ ಬಲೆ, ನೀಲಿ ದೋಣಿ. ಕೇಳುತ್ತ ಕೇಳುತ್ತ ಮಗಳು ನಿದ್ದೆಹೋದಳು. ಭಾವ ನಿಲ್ಲಿಸಲಿಲ್ಲ. ಕಿಟಕಿಯ ಕಡೆ ತಿರುಗಿ, ದನಿ ತಗ್ಗಿಸಿ, "ಚಪ್ಪಲಿ ಹಾಕ್ಕೊ ಮಾರಾಯ್ತಿ, ಮರಳು ಸುಡ್ತದೆ," ಎನ್ನುತ್ತಿದ್ದರು.